ದನಗಳಲ್ಲಿ ಇನ್ಸುಲಿನ್ ರಸವೂ ಅದರ ಅಂಕೆಯೂ

ತಲಕಾಡಿನ ಸುತ್ತಣ ಕಾವೇರೀತೀರದ ಗ್ರಾಮಗಳಲ್ಲಿ ಭತ್ತದ ಹುಲ್ಲೂ ಕಬ್ಬಿನ ಸೋಗೆಯೂ ದನಗಳಿಗೆ ಒದಗುವ ಮೇವು. ಇವುಗಳಲ್ಲಿರುವ ಸಕ್ಕರೆಯು ಹಸುವಿನ ರಕ್ತಕ್ಕೆ ನೇರವಾಗಿ ಸೇರುವುದೆಂದು ಭಾವಿಸುವುದು ಸರಿಯಲ್ಲ. ಅದು ಬಹುಮಟ್ಟಿಗೆ ಮೆಲುಕುಹೊಟ್ಟೆಯಲ್ಲಿ ಹುಳಿತು ಆಮ್ಲಗಳಾಗುವುದು. ಅವುಗಳಲ್ಲೊಂದಾದ ಪ್ರೊಪಿಯಾನಿಕ್ ಆಮ್ಲದಿಂದ ಯಕೃತ್ತು ಗ್ಲೂಕೋಸನ್ನು ಹೊಸದಾಗಿ ತಯಾರಿಸುವುದು. ಈ ಗ್ಲೂಕೋಸನ್ನು ಮಾಂಸಖಂಡಗಳಿಗೂ ಕೊಬ್ಬಿಗೂ ಸೇರಿಸುವುದು ಇನ್ಸುಲಿನ್ ರಸದ ಕೆಲಸ. ಮೇದೋಜೀರಕ ಗ್ರಂಥಿಯಲ್ಲಿ 1869ರಲ್ಲಿ ಲ್ಯಾಂಗರ್‌ಹಾನ್ಸ್ ಎಂಬಾತನು ಗುರುತಿಸಿದ ಕಣದ್ವೀಪಗಳಲ್ಲಿ ಇದು ಹುಟ್ಟುವುದು. 1922ರಲ್ಲಿ ಟೊರಾಂಟೊ ನಗರದಲ್ಲಿ ಮಧುಮೇಹದ ಬಾಲಕನೊಬ್ಬನಿಗೆ ಮೊದಲು ಚುಚ್ಚಿದ ರಸವನ್ನು ದನದ ಗ್ರಂಥಿಯಿಂದಲೇ ತೆಗೆದಿದ್ದರು.

ಇದು ರಕ್ತದ ಸಕ್ಕರೆಯೊಂದನ್ನೇ ಅನುಸರಿಸಿ ಸ್ರವಿಸುವುದಿಲ್ಲ. ಕಣಗಳ ಮೇಲೆ ಗ್ರಾಹಕಗಳೆಂಬ ಸೂಕ್ಷ್ಮ ರಚನೆಗಳಿವೆ. ಬೀಗಕ್ಕೆ ಬೀಗದಕೈಯಂತೆ ಆಯಾ ಗ್ರಾಹಕಕ್ಕೆ ಆಯಾ ರಸವು ಒಪ್ಪುವುದು. ಹಸುವು ನೆಮ್ಮದಿಯಿಂದ ಮೇಯುವಾಗ ವೇಗಸ್ ನರದ ತುದಿಗಳಿಂದ ಹೊರಡುವ ಅಸಿಟೈಲ್‌ಕೋಲಿನ್ನೂ ಕರುಳಿನ ಕೆಲವು ಹಾರ್ಮೋನುಗಳೂ ಇನ್ಸುಲಿನ್ನನ್ನು ಹೆಚ್ಚಿಸುವುವು. ಬೆದರಿದಾಗಲಾದರೋ ಅಡ್ರಿನಲಿನ್ ಹೊರಟು, ಆಲ್ಫಾ-2 ಎಂಬ ಗ್ರಾಹಕವನ್ನು ಹಿಡಿದು ಅದನ್ನು ತಡೆಯುವುದು. ಬೀಟಾ ಎಂಬ ಗ್ರಾಹಕವು ಇದಕ್ಕೆ ವಿರುದ್ಧವಾಗಿ ಪ್ರಚೋದಿಸುವುದಾದರೂ ತಡೆಯೇ ಮೇಲಾಗುವುದು. ಆದುದರಿಂದ ತಲಕಾಡಿನ ಮರಳಿನಲ್ಲಿ ಅಟ್ಟಿ ತಂದು, ಕೆಡವಿ, ಹಗ್ಗ ಬಿಗಿದ ಹಸುವಿನ ರಕ್ತವನ್ನು ಪರೀಕ್ಷಿಸಿದರೆ ಸಕ್ಕರೆಯು ಸಹಜಕ್ಕಿಂತ ಹೆಚ್ಚಾಗಿ ಕಾಣುವುದು.

ಪಶುವೈದ್ಯರು ದನಗಳನ್ನು ಶಾಂತಗೊಳಿಸಲು ಚುಚ್ಚುವ ಕ್ಸೈಲಜೀನ್ ಔಷಧವೂ ಇದೇ ಆಲ್ಫಾ-2 ಗ್ರಾಹಕವನ್ನು ಹಿಡಿಯುವುದು. ಪಶುವು ನಿಶ್ಚಿಂತವಾಗಿ ಮಲಗಿದ್ದರೂ ಇನ್ಸುಲಿನ್ ಕುಗ್ಗಿ, ಸಕ್ಕರೆ ಏರಿ, ಕೆಲವು ಗಂಟೆಗಳ ಕಾಲ ಮೂತ್ರವು ಹೆಚ್ಚಾಗಿ ಹೋಗುವುದು. ಇದನ್ನು ಮಧುಮೇಹವೆಂದು ಎಣಿಸಬಾರದು. ಹಸುವು ತುಂಬುಗಬ್ಬವಾಗಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸತಕ್ಕದ್ದು. ಈ ಔಷಧವು ಗರ್ಭಕೋಶವನ್ನು ಸಂಕುಚಿಸುವುದುಂಟು.

ಈದ ಮೊದಲ ವಾರಗಳಲ್ಲಿ ಇನ್ಸುಲಿನ್ ಸಹಜವಾಗಿಯೇ ಕಡಿಮೆ. ಕೆಚ್ಚಲು ಅದರ ನೆರವಿಲ್ಲದೆಯೇ ಗ್ಲೂಕೋಸನ್ನು ಹೀರಬಲ್ಲುದಾದ್ದರಿಂದ ಹಾಲಿಗೆ ಇದು ಅನುಕೂಲವೇ ಸರಿ. ಆದರೆ ಹೆಚ್ಚು ಕರೆಯುವ ಮಿಶ್ರತಳಿ ಹಸುವಿಗೆ ಮೇವು ಸಾಲದಿದ್ದರೆ ಮೈಕೊಬ್ಬು ಮಿತಿಮೀರಿ ಕರಗಿ ಕೀಟೋಸಿಸ್ ರೋಗವು ಬರುವುದು. ಆಗ ಹಸುವು ಹಿಂಡಿಯನ್ನು ಮುಟ್ಟದು, ಹಾಲು ಇಳಿಯುವುದು, ಉಸಿರಿನಲ್ಲಿ ಸಿಹಿವಾಸನೆಯು ತೋರುವುದು. ಇದಕ್ಕೆ ಬೆಲ್ಲ ತಿನ್ನಿಸಿದರೆ ಮೇಲೆ ಹೇಳಿದಂತೆ ಅದರ ಬಹುಭಾಗವು ಮೆಲುಕುಹೊಟ್ಟೆಯಲ್ಲಿಯೇ ಹುಳಿಯುವುದು. ಹೆಚ್ಚಾದರೆ ಅಜೀರ್ಣವೂ ಆದೀತು. ವೈದ್ಯರು ರಕ್ತನಾಳಕ್ಕೆ ಕೊಡುವ ಗ್ಲೂಕೋಸೂ ಬಾಯಿಗೆ ಕೊಡಿಸುವ ಪ್ರೊಪಿಲೀನ್ ಗ್ಲೈಕಾಲೂ ತಕ್ಕ ಚಿಕಿತ್ಸೆಗಳು. ಗಬ್ಬದ ಕಡೆಯ ತಿಂಗಳುಗಳಲ್ಲಿ ಹಸುವನ್ನು ಅತಿಯಾಗಿ ಕೊಬ್ಬಿಸದೆ, ಈದ ಬಳಿಕ ಹಸುರುಮೇವನ್ನೂ ಹಿಂಡಿಯನ್ನೂ ದಿನೇ ದಿನೇ ಸ್ವಲ್ಪಸ್ವಲ್ಪವಾಗಿ ಏರಿಸಿಕೊಡಬೇಕು.