ಹೆತ್ತವರಿಲ್ಲದ ಪದ

ಸಾಂದ್ರತೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ‘ಡೆನ್ಸಿಟಿ’ ಎಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಿಯಾನು. ಆದರೆ 1934ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವೆಬ್‌ಸ್ಟರ್ ಮಹಾನಿಘಂಟಿನ ಎರಡನೆಯ ಆವೃತ್ತಿಯನ್ನು ತೆರೆದವನಿಗೆ ಬೇರೊಂದು ಉತ್ತರವೂ ದೊರೆಯುತ್ತಿತ್ತು: ‘ಡಾರ್ಡ್’! ಅದು ನಾಮಪದವೆಂದೂ, ಭೌತ ಮತ್ತು ರಸಾಯನ ಶಾಸ್ತ್ರಗಳಿಗೆ ಸೇರಿದುದೆಂದೂ, ಸಾಂದ್ರತೆಯೇ ಅದರ ಅರ್ಥವೆಂದೂ 771ನೆಯ ಪುಟದಲ್ಲಿ ಅಚ್ಚಾಗಿತ್ತು. ಆರು ಲಕ್ಷ ಪದಗಳ ಆ ಗ್ರಂಥ ನ್ಯಾಯಾಲಯಗಳಲ್ಲಿಯೂ ಉಲ್ಲೇಖಿಸಲ್ಪಡುವಂತಹದು. ಅಷ್ಟಾದರೂ, ಈ ಪದವನ್ನು ಯಾವ ವಿಜ್ಞಾನಿಯೂ ಬಳಸಿರಲಿಲ್ಲ. ಯಾರ ಬಾಯಿಂದಲೂ ಅದು ಹೊರಟಿರಲಿಲ್ಲ.

ಅದರ ಜನನವೃತ್ತಾಂತ ಹೀಗಿದೆ. ನಿಘಂಟಿನ ರಸಾಯನಶಾಸ್ತ್ರ ವಿಭಾಗದ ಸಂಪಾದಕರಾಗಿದ್ದ ಆಸ್ಟಿನ್ ಪ್ಯಾಟರ್ಸನ್ನರು 1931ರ ಜುಲೈ 31ರಂದು ಒಂದು ಚೀಟಿಯನ್ನು ಕಳುಹಿಸಿದರು. ಸಾಂದ್ರತೆಯನ್ನು ದೊಡ್ಡ ಡಿ ಅಕ್ಷರದಿಂದಲಾಗಲಿ ಸಣ್ಣ ಡಿ ಅಕ್ಷರದಿಂದಲಾಗಲಿ ಸೂಚಿಸಬಹುದು ಎಂಬುದಷ್ಟೇ ಅದರ ತಾತ್ಪರ್ಯ. ಆದುದರಿಂದ ಚೀಟಿಯಲ್ಲಿ ಮೊದಲು ದೊಡ್ಡ ಡಿ, ಬಳಿಕ ‘ಅಥವಾ’ ಎಂಬರ್ಥ ಕೊಡುವ ಓ-ಆರ್ ಎಂಬ ಎರಡಕ್ಷರ, ಕೊನೆಗೆ ಸಣ್ಣ ಡಿ ಇದ್ದುವು. ಸಂಕ್ಷೇಪಗಳ ಕಟ್ಟಿಗೆ ಸೇರಬೇಕಾಗಿದ್ದ ಆ ಚೀಟಿ ಪದಗಳ ಕಟ್ಟಿಗೆ ಸೇರಿಹೋಯಿತು. ಪದದ ಅಕ್ಷರಗಳ ನಡುವೆ ಎಡೆಬಿಟ್ಟು ಬೆರಳಚ್ಚು ಮಾಡುವುದು ಆ ಕಚೇರಿಯ ವಾಡಿಕೆ. ಆದಕಾರಣ ಡಿ-ಓ-ಆರ್-ಡಿ ಎಂಬ ಬಿಡಿಯಕ್ಷರಗಳನ್ನು ಕಂಡವರಿಗೆ ಅವೆಲ್ಲ ಸೇರಿ ಒಂದೇ ಪದವೆಂದು ತೋರಿದುದು ಅಸಹಜವಲ್ಲ. ಚೀಟಿ ಕೈಯಿಂದ ಕೈಗೆ ಸಾಗಿದಂತೆ ಅದಕ್ಕೆ ಶಾಸ್ತ್ರದ ಹೆಸರು ಅಂಟಿತು, ಉಚ್ಚಾರಣೆಯೂ ಕೂಡಿಕೊಂಡಿತು.

ಇಂತಹ ಪದಗಳಿಗೆ ಇಂಗ್ಲೆಂಡಿನ ಭಾಷಾಪಂಡಿತ ವಾಲ್ಟರ್ ಸ್ಕೀಟ್ 1886ರಲ್ಲಿಯೇ ‘ಪ್ರೇತಪದ’ಗಳೆಂಬರ್ಥದ ಹೆಸರಿಟ್ಟಿದ್ದನು. (ಸತ್ತವರು ಪ್ರೇತವಾಗುವುದುಂಟು, ಹುಟ್ಟದೆಯೇ ಪ್ರೇತವಾದುದು ಇವುಗಳ ವಿಶೇಷ.) ಅವನಿತ್ತ ಒಂದು ಉದಾಹರಣೆ ನಮ್ಮ ದೇಶಕ್ಕೆ ಸಂಬಂಧಿಸಿದುದು. ಎಡಿನ್‌ಬರೋ ರಿವ್ಯೂ ಪತ್ರಿಕೆಯ 1808ರ ಲೇಖನವೊಂದು, ಹಿಂದೂಗಳಲ್ಲಿ ಕೆಲವರು ಅಂಗೈಗೆ ‘ಕೈಮ್ಸ್’ ಚುಚ್ಚಿಕೊಳ್ಳುತ್ತಾರೆಂದು ಬಣ್ಣಿಸಿತ್ತು. ಇದಾವ ಘೋರ ಆಯುಧವೋ ಎಂದು ಓದುಗರು ಬೆದರಿರಬೇಕು. ಅದು ‘ನೈವ್ಸ್’, ಎಂದರೆ ಚೂರಿಗಳು, ಎಂಬುದರ ಅಚ್ಚಿನ ತಪ್ಪು!

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದುದು. ಸರ್ ವಾಲ್ಟರ್ ಸ್ಕಾಟನ ‘ದಿ ಮೊನಾಸ್ಟರಿ’ ಕಾದಂಬರಿಯಲ್ಲಿ, ಕೊಲೆಯ ಯೋಚನೆಯನ್ನು ‘ಮಾರ್ಸ್’ ಮಾಡುವ ಮಾತು ಬರುತ್ತಿತ್ತು. ಅದರ ಅರ್ಥವೇನೆಂದು ಪಂಡಿತರಲ್ಲಿ ವಾದ ಹುಟ್ಟಿತು. ಬಂದೂಕಿಗೆ ಮದ್ದು ಕೂಡಿಸುವುದೆಂಬರ್ಥದ ಫ್ರೆಂಚ್ ಮೂಲವನ್ನು ಒಬ್ಬರು ತೋರಿಸಿದರು. ಕಚ್ಚುವುದೆಂಬರ್ಥದ ಲ್ಯಾಟಿನ್ ಧಾತುವನ್ನು ಮತ್ತೊಬ್ಬರು ಮುಂದಿಟ್ಟರು. ಕೊನೆಗೆ ಸ್ಕಾಟನ ಹಸ್ತಪ್ರತಿಯನ್ನೇ ತೆರೆದು ನೋಡಲಾಗಿ, ಅಲ್ಲಿದ್ದುದು ಪೋಷಿಸುವುದೆಂಬರ್ಥದ ‘ನರ್ಸ್’!

ನಾವು ಇದನ್ನೋದಿ ನಗುವಂತಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ವರ್ಷದ ವಿದ್ಯಾರ್ಥಿಗಳು ಬರೆದ ತಪ್ಪು ದಶಾಂಶಬಿಂದು ಮರುವರ್ಷದವರ ಪುಸ್ತಕಗಳಲ್ಲಿ ಅದೇ ಸ್ಥಾನದಲ್ಲಿ ಕಾಣಿಸಿಕೊಂಡುದನ್ನು ನಾವು ಕಂಡಿದ್ದೇವೆ, ಸಹಿಮಾಡಿದವರೂ ನಾವೇ.

ಡಾರ್ಡ್ ಸಿಕ್ಕಿಬಿದ್ದುದು ತನ್ನ ಅರ್ಥದಿಂದಲ್ಲ. ಬಲ್ಲವರು ಸಾಂದ್ರತೆಯ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದಿಲ್ಲ. ಅರಿಯದವರು ಅಲ್ಲಿರುವುದನ್ನು ಸಂದೇಹಿಸುವುದಿಲ್ಲ. 1939ರ ಫೆಬ್ರವರಿ 28ರಂದು, ಹಾಳೆಗಳನ್ನು ತಿರುವುತ್ತಿದ್ದ ಸಂಪಾದಕರೊಬ್ಬರಿಗೆ ಆ ಪದಕ್ಕೆ ವ್ಯುತ್ಪತ್ತಿಯೇ ಇಲ್ಲದುದು ಕಣ್ಣಿಗೆ ಬಿತ್ತು. ಗ್ರೀಕೇ? ಲ್ಯಾಟಿನೇ? ತಂದೆತಾಯಿಗಳ ಸುಳಿವೇ ಇಲ್ಲ! ಹಳೆಯ ಚೀಟಿಗಳನ್ನು ಕೆದಕಿದಾಗ ಗುಟ್ಟು ಬಯಲಾಯಿತು. ಮುಂದಿನ ಮುದ್ರಣಗಳಲ್ಲಿ ಪದವನ್ನು ಕಿತ್ತುಹಾಕಿದರು. ಆ ಎಡೆಯನ್ನು ತುಂಬಲು, ಪಕ್ಕದಲ್ಲಿದ್ದ ‘ಡೋರೆ ಕುಲುಮೆ’ಯ ವಿವರಣೆಯನ್ನು ತುಸು ಎಳೆದು ಉದ್ದ ಮಾಡಿದರು.

ಈ ಕಥೆಯನ್ನು 1954ರಲ್ಲಿ ಬಹಿರಂಗಪಡಿಸಿದವರು ಅದೇ ಸಂಸ್ಥೆಯ ಫಿಲಿಪ್ ಗೋವ್. ಪದ ಹೋದುದಕ್ಕೆ ಅವರಿಗೆ ಕೊಂಚ ವ್ಯಸನವೇ ಇದ್ದಂತಿತ್ತು. ಡಾರ್ಡ್ ಎಂದರೆ ಸಾಂದ್ರತೆ ಎಂದೇಕಾಗಬಾರದು ಎಂದು ಅವರು ಕೇಳಿದರು.