ಗೋಡೆಯ ಮೇಲೊಂದು ಮಡಕೆ, ಹೊಳೆಯ ನಡುವೆ ಹಕ್ಕಿಗಳ ಊರು

ಶಿವಮೊಗ್ಗ: ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಮೊದಲ ಕೆಲಸ ಕಸ ಗುಡಿಸುವುದು. ನೆಲ ಮುಗಿದ ಮೇಲೆ ಪೊರಕೆ ಗೋಡೆ ಹತ್ತುತ್ತದೆ. ಕ್ಯಾಲೆಂಡರ್ ಮೊಳೆಯ ಪಕ್ಕವೋ, ಸ್ವಿಚ್ ಬೋರ್ಡಿನ ಮೂಲೆಯಲ್ಲೋ ಅಡಿಕೆ ಗಾತ್ರದ ಮಣ್ಣುಂಡೆ ಅಂಟಿಕೊಂಡಿರುತ್ತದೆ. ‘ಥೂ, ಯಾವುದೋ ಹುಳ ಮಣ್ಣು ಮೆತ್ತಿದೆ’ ಅಂತ ಒಂದೇಟು. ಉಂಡೆ ಪುಡಿ ಪುಡಿ, ವ್ಯಾಪಾರ ಶುರು.

ಆ ಒಂದೇಟಿಗೆ ಒಂದು ಸಂಸಾರವೇ ಮಣ್ಣುಪಾಲಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಇದನ್ನು ಕಟ್ಟಿದ್ದು ಒಂಟಿಯಾಗಿ ಬದುಕುವ ಒಂದು ಜಾತಿಯ ಹೆಣ್ಣು ಕಣಜ. ಒದ್ದೆ ಮಣ್ಣಿನ ಚಿಕ್ಕ ಚಿಕ್ಕ ಉಂಡೆ ತಂದು ತಂದು, ಕುಂಬಾರನ ಚಕ್ರವಿಲ್ಲದೆ, ಕತ್ತು ಬಾಯಿ ಸಮೇತ ಮಡಕೆ ಮಾಡುತ್ತದೆ. ಒಳಗೆ ಒಂದೇ ಒಂದು ಮೊಟ್ಟೆ. ಆಮೇಲೆ ಗಿಡಗಳ ಮೇಲಿನ ಹಸಿರು ಹುಳುಗಳನ್ನು ಹುಡುಕಿ, ಕುಟುಕಿ, ಮರಗಟ್ಟಿಸಿ ತಂದು ತುಂಬುತ್ತದೆ. ಕೊಂದು ತಂದರೆ ಮರಿ ಹುಟ್ಟುವ ಹೊತ್ತಿಗೆ ಕೊಳೆತು ಹೋದೀತು. ಅದಕ್ಕೇ ಜೀವ ಉಳಿಸಿಯೇ ತರುವುದು. ಬಾಯಿಗೆ ಮಣ್ಣು ಮೆತ್ತಿ ತಾಯಿ ಹೊರಟು ಹೋಗುತ್ತದೆ. ಮರಿ ಕೂಡಿಟ್ಟ ದಾಸ್ತಾನು ತಿಂದು ಬೆಳೆದು, ಕೆಲವು ವಾರಗಳ ಮೇಲೆ ಗೋಡೆ ಕೊರೆದು ಹೊರಬರುತ್ತದೆ.

ಹರಿಕಥೆ ಕೇಳಿದವರಿಗೆಲ್ಲ ಕೀಟ–ಭೃಂಗದ ದೃಷ್ಟಾಂತ ಗೊತ್ತು. ಭೃಂಗ ತಂದಿಟ್ಟ ಕೀಟ, ಅದರ ಗುಂಯ್‌ಗುಟ್ಟುವಿಕೆಯನ್ನೇ ಧ್ಯಾನಿಸಿ ತಾನೂ ಭೃಂಗವಾಯಿತಂತೆ. ಹಿರಿಯರು ಕಣ್ಣಿಟ್ಟು ನೋಡಿದ್ದರಿಂದಲೇ ಹುಟ್ಟಿದ ಮಾತು ಅದು. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ನಡುವೆ ಮಡಕೆಯೊಳಗೆ ಆದದ್ದು ಮಾತ್ರ ಕಾಣಲಿಲ್ಲ.

ಜೇಬಿನಲ್ಲೇ ಕ್ಯಾಮೆರಾ

ಹಿಂದೆ ಫೋಟೋ ಅಂದರೆ ರೀಲು; ರೀಲಿಗೆ 36 ಚಿತ್ರ. ತೊಳೆಸುವ, ಪ್ರಿಂಟು ಹಾಕಿಸುವ ಖರ್ಚು ಬೇರೆ. ಕುಪ್ಪಳಿ ಮನೆತನದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದದ್ದು ಆ ರೀಲಿನ ಕಾಲದಲ್ಲಿ. ಈಗ ಎಲ್ಲರ ಜೇಬಲ್ಲೂ ಮೊಬೈಲ್ ಇದೆ, ಒತ್ತಿದ್ದಕ್ಕೆ ಕಾಸಿಲ್ಲ. ಆದರೂ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ‘ಇಲ್ಲೇನಿದೆ ಸ್ವಾಮಿ ಫೋಟೋ ತೆಗೆಯೋಕೆ’ ಎನ್ನುವವರೇ ಜಾಸ್ತಿ.

ಇರುವುದೆಲ್ಲ ಇಲ್ಲೇ. ಮೊಣಕೈಯನ್ನು ಗಲ್ಲಾಪೆಟ್ಟಿಗೆ ಮೇಲೆ ಊರಿದರೆ ಮೊಬೈಲ್ ಅಲುಗುವುದಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಒಂದೊಂದು ಚಿತ್ರ ತೆಗೆದರೆ ಮಡಕೆ ಎದ್ದ ಕಥೆ, ಬಾಯಿ ಮುಚ್ಚಿದ ಕಥೆ, ಒಡೆದ ಕಥೆ ಎಲ್ಲ ಸಾಲಾಗಿ ಸಿಗುತ್ತದೆ. ಹಿಡಿದು ಅದುಮದಿದ್ದರೆ ಈ ಹುಳ ಸಾಮಾನ್ಯವಾಗಿ ಕುಟುಕುವುದಿಲ್ಲ. ಗುಂಪು ಕಟ್ಟಿಕೊಂಡು ಕಾಗದದಂಥ ಗೂಡು ಮಾಡುವ ಜಾತಿ ಬೇರೆ. ಅದರ ತಂಟೆ ಬೇಡ.

ಮನೆಯಲ್ಲಾದರೆ ಕರಿಬೇವಿನ ಗಿಡ ಸಾಕು. ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂದುಕೊಂಡದ್ದು ತೆವಳಿದರೆ, ಅದು ಚಿಟ್ಟೆಯ ಮರಿಹುಳು. ಹಿಕ್ಕೆಯ ವೇಷ ಹಾಕಿದರೆ ತಿನ್ನಲು ಯಾರು ಬರುತ್ತಾರೆ? ದೊಡ್ಡದಾದ ಮೇಲೆ ಎಲೆಯದೇ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ನಾತ ಬಿಡುತ್ತದೆ. ಒಗ್ಗರಣೆಗೆ ನಾಲ್ಕು ಎಲೆ ಕಮ್ಮಿಯಾದರೂ ಹಿತ್ತಲಿಗೆ ಕಪ್ಪು ರೆಕ್ಕೆಯ ಚಿಟ್ಟೆ ಬಂದೀತು.

ಹೊಳೆ ಕಡೆಯ ಸೀಟು

ತೀರ್ಥಹಳ್ಳಿ ಬಸ್ಸಿಗೆ ಹೋಗುವವರು ಮಳೆಗಾಲದಲ್ಲಿ ಹೊಳೆ ಕಡೆಯ ಸೀಟು ಹಿಡಿಯಬೇಕು. ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯೇ ಪಕ್ಷಿಧಾಮ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಬಾಣಂತನ ನಡೆಯುವುದು ಅಲ್ಲೇ. ಹಾವಕ್ಕಿ ಈಜುವಾಗ ಮೈ ನೀರೊಳಗೆ, ಕತ್ತು ಮಾತ್ರ ಮೇಲೆ. ನೋಡಿದವರು ಹಾವೇ ಅನ್ನಬೇಕು. ಅದರ ರೆಕ್ಕೆ ನೀರು ಹೀರುವುದರಿಂದ ಮೀನು ಹಿಡಿದು ಬಂದ ಮೇಲೆ, ಪಂಚೆ ಒಣಹಾಕಿದವರಂತೆ ರೆಕ್ಕೆ ಹರಡಿ ಕೂರುತ್ತದೆ. ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಭಂಗಿ ಬೇಕೆ? ಕಿಟಕಿಯ ಗಾಜಿಗೆ ಮೊಬೈಲನ್ನು ಒತ್ತಿ ಹಿಡಿದರೆ ಒಳಗಿನ ಪ್ರತಿಬಿಂಬ ಬೀಳುವುದಿಲ್ಲ.

ಆದರೆ ಇಲ್ಲೊಂದು ಅಪಾಯವೂ ಇದೆ. ಪೊರಕೆಯಷ್ಟೇ ಹಾಳು ಮಾಡಬಲ್ಲದು ಮೊಬೈಲ್! ಹಾರುವ ಚಿತ್ರ ಬೇಕೆಂದು ಸೀಟಿ ಹೊಡೆದು, ಹಾರನ್ ಬಾರಿಸಿ ಎಬ್ಬಿಸಿದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ. ಮೊಟ್ಟೆ, ಮರಿ ಮಳೆಗೆ ನೆನೆಯುತ್ತವೆ, ಇಲ್ಲವೇ ಕಾಗೆಯ ಪಾಲಾಗುತ್ತವೆ. ಹಿತ್ತಲಲ್ಲೂ ಅಷ್ಟೆ. ಗೂಡು ಚೆನ್ನಾಗಿ ಕಾಣಲೆಂದು ಅಡ್ಡದ ರೆಂಬೆ ಸವರಿದರೆ ಕಳ್ಳ ಬೆಕ್ಕಿಗೂ ಅದೇ ದಾರಿ. ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ಕೈ ಹಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಒಂದು ಫೋಟೋ ಕೈತಪ್ಪಿದರೆ ಯಾರಿಗೂ ನಷ್ಟವಿಲ್ಲ.

ನಾಳೆ ಬೆಳಿಗ್ಗೆ ಷಟರ್ ಎತ್ತಿದಾಗ ಗೋಡೆಯ ಮಡಕೆಯನ್ನು ಒಮ್ಮೆ ನೋಡಿ. ತೂತು ಬಿದ್ದಿದ್ದರೆ ಬಾಡಿಗೆದಾರ ಖಾಲಿ ಮಾಡಿದ್ದಾನೆ, ಧಾರಾಳವಾಗಿ ಗುಡಿಸಿ. ಬಾಯಿ ಮುಚ್ಚಿದ್ದರೆ ಒಳಗೆ ಜನ ಇದ್ದಾರೆ. ಇನ್ನೆರಡು ವಾರ ವಾಯಿದೆ ಕೊಡಿ.