ಬೈಲಕುಪ್ಪೆಗೆ ಹೋಗ್ತಿದೀರಾ? ಫೋಟೊ ತೆಗೆಯೋ ಮುಂಚೆ ಇದನ್ನ ಕೇಳಿ

ನೀವೀಗ ಇಯರ್‌ಫೋನ್ ಹಾಕ್ಕೊಂಡು ಬನಶಂಕರಿ ಮೆಟ್ರೋದಲ್ಲಿ ನಿಂತಿದೀರೋ, ಬಿಟಿಎಂ ಲೇಔಟ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೀರೋ ಗೊತ್ತಿಲ್ಲ. ಇವತ್ತು ನಾನೊಂದು ತಪ್ಪು ಒಪ್ಕೋಬೇಕು. ನಾನು ತೆಗೆದ ಫೋಟೊಗಳಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು, ತೆಗೀಲೇಬಾರದಿದ್ದ ಒಂದು ಫೋಟೊಗೆ.

ಜಯನಗರದ ನಾವು ನಾಲ್ಕು ಜನ ಗೆಳೆಯರು ಒಂದು ಶನಿವಾರ ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡ್‌ನಲ್ಲಿ ಮಡಿಕೇರಿ ಬಸ್ ಹತ್ತಿದ್ವಿ. ಕುಶಾಲನಗರಕ್ಕೆ ಸ್ವಲ್ಪ ಮುಂಚೆ ಸಿಗೋದೇ ಬೈಲಕುಪ್ಪೆ. ಅಲ್ಲಿನ ಒಂದು ಬೌದ್ಧ ಮಠದಲ್ಲಿ ಪೂಜೆ ನಡೀತಿತ್ತು. ಉದ್ದುದ್ದ ತುತ್ತೂರಿ, ಡೋಲು, ಸಾಲಾಗಿ ಕೂತ ಭಿಕ್ಷುಗಳು. ಕೊನೇ ಸಾಲಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಝೂಮ್ ಮಾಡಿದೆ, ಕ್ಲಿಕ್. ‘ಸೋಮವಾರ ಬೆಳಗ್ಗೆ ನಾನು’ ಅಂತ ಬರೆದು ಇನ್‌ಸ್ಟಾಗ್ರಾಂಗೆ ಹಾಕಿದೆ. ವಾಪಸ್ ಬರೋ ಬಸ್ಸು ಮೈಸೂರು ದಾಟೋ ಹೊತ್ತಿಗೆ ಫೋನು ಟಿಣ್ ಟಿಣ್ ಅಂತಾನೇ ಇತ್ತು.

ಎರಡು ವಾರ ಆದ್ಮೇಲೆ ಆ ಮಠದ ಭಿಕ್ಷು ಒಬ್ಬರಿಂದ ಮೆಸೇಜ್ ಬಂತು. ಅದೂ ಕನ್ನಡದಲ್ಲಿ. “ಸರ್, ಆ ಹುಡುಗನ್ನ ಈಗ ಎಲ್ಲರೂ ‘ಸೋಮವಾರ’ ಅಂತಾನೇ ಕರೀತಿದಾರೆ. ಪೂಜೆಗೆ ಬರೋಕೆ ಹಿಂಜರೀತಾನೆ. ಫೋಟೊ ತೆಗೆದುಬಿಡ್ತೀರಾ?”

ತಕ್ಷಣ ತೆಗೆದೆ. ಆದ್ರೆ ಅಷ್ಟರಲ್ಲಿ ಶೇರ್ ಆಗಿದ್ದನ್ನ ಹೇಗೆ ತೆಗೆಯೋದು? ಕ್ಷಮೆ ಕೇಳೋಕೆ ಮತ್ತೆ ಹೋದೆ. ಈ ಸಲ ಹೋಗೋ ಮುಂಚೆ ಸ್ವಲ್ಪ ಓದಿಕೊಂಡೆ. ಅದನ್ನೇ ಈಗ ನಿಮಗೆ ಹೇಳ್ತೀನಿ.

ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದಿದ್ದು 1959ರಲ್ಲಿ. ನಂತರ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರಿಂದ ನಿರಾಶ್ರಿತರು ಬಂದು, ಕಾಡು ಕಡಿದು, ಬೇಸಾಯ ಶುರು ಮಾಡಿದ್ರು. ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನೋದು ನಮ್ಡ್ರೋಲಿಂಗ್ ಮಠದ ದೇವಾಲಯವನ್ನ. ಮಠ ಕಟ್ಟಿದ್ದು ಪೆನೋರ್ ರಿನ್‌ಪೋಚೆ, 1963ರಲ್ಲಿ. ಚಿನ್ನದ ಬಣ್ಣದ ಮೂರು ಬೃಹತ್ ಮೂರ್ತಿಗಳಿರೋ ದೇವಾಲಯ ಆಮೇಲೆ, 1999ರಲ್ಲಿ ಬಂತು.

ನನಗೆ ಮೆಸೇಜ್ ಮಾಡಿದ ಭಿಕ್ಷು ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ. ಆದ್ರೂ ಅವರ ಹತ್ರ ಇರೋದು ವಿದೇಶಿಯರಿಗೆ ಕೊಡೋ ನೋಂದಣಿ ಪತ್ರ, ಅದನ್ನ ಆಗಾಗ ನವೀಕರಿಸ್ತಾ ಇರಬೇಕು. ಹಾಗಾದ್ರೆ ಅಲ್ಲಿ ಹೊರಗಿನವರು ಯಾರು? ಕಾಗದದ ಪ್ರಕಾರ ಅವರು. ಆದ್ರೆ ಪೂಜೆಯ ಮಧ್ಯೆ ಫೋನ್ ಎತ್ತಿ ಹಿಡಿದು ನಿಂತಾಗ, ಹೊರಗಿನವನು ನಾನೇ ಅಲ್ವಾ?

ಇನ್ನೊಂದು ವಿಷಯ. ಕೆಂಪು ಬಟ್ಟೆ ತೊಟ್ಟವರೆಲ್ಲ ‘ಲಾಮಾ’ ಅಲ್ಲ. ಲಾಮಾ ಅಂದ್ರೆ ಗುರು. ನಿದ್ದೆ ಹೋದ ನಮ್ಮ ಹುಡುಗ ಇನ್ನೂ ವಿದ್ಯಾರ್ಥಿ. ಮಠಗಳೂ ಒಂದೇ ಅಲ್ಲ. ನಮ್ಡ್ರೋಲಿಂಗ್ ನ್ಯಿಂಗ್ಮಾ ಪರಂಪರೆಯದ್ದು. ಅದೇ ಬೈಲಕುಪ್ಪೆಯ ಸೆರಾ ಗೆಲುಗ್ ಪರಂಪರೆಯದ್ದು. ಮೂಲ ಸೆರಾ ಮಠ ಲಾಸಾ ಹತ್ರ 1419ರಲ್ಲಿ ಶುರುವಾಗಿದ್ದು. ಸೆರಾದಲ್ಲಿ ಭಿಕ್ಷುಗಳು ಜೋರಾಗಿ ಚಪ್ಪಾಳೆ ತಟ್ಟಿ, ಕಾಲು ನೆಲಕ್ಕೆ ಕುಟ್ಟಿ ವಾದ ಮಾಡ್ತಾರೆ. ರೀಲ್ಸ್‌ನಲ್ಲಿ ನೋಡಿದ್ರೆ ಜಗಳ ಅನ್ಸುತ್ತೆ. ಅಸಲಿಗೆ ಅದು ಪಾಠ. ನಿಂತವರು ಪ್ರಶ್ನೆ ಹಾಕ್ತಾರೆ, ಕೂತವರು ತರ್ಕದಿಂದ ಉತ್ತರ ಕೊಡಬೇಕು. ಇದು ಗೊತ್ತಿಲ್ಲದೆ ತೆಗೆದ ಫೋಟೊಗೆ ನಾವು ಸುಳ್ಳು ಕ್ಯಾಪ್ಷನ್ನೇ ಬರೆಯೋದು. ನಾನು ಮಾಡಿದ್ದೂ ಅದೇ.

ಅಷ್ಟು ದೂರ ಹೋಗೋ ಮುಂಚೆ ಬೆಂಗಳೂರಲ್ಲೇ ಅಭ್ಯಾಸ ಮಾಡಬಹುದು. ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದ್ರೆ, ಪಕ್ಕದ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ಇದೆ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಸಂಸ್ಥೆ. ಇದು ಥೇರವಾದ ಪರಂಪರೆ, ಇಲ್ಲಿ ಕೇಳೋದು ಪಾಲಿ ಭಾಷೆ. ಮೊದಲ ಅರ್ಧ ಗಂಟೆ ಫೋನ್ ಜೇಬಲ್ಲೇ ಇಟ್ಟು ಸುಮ್ನೆ ಕೂತ್ಕೊಳ್ಳಿ. ಯಾರು ಎಲ್ಲಿ ಕೂರ್ತಾರೆ, ಯಾವಾಗ ಮೌನ, ಯಾವಾಗ ಮಾತು, ಎಲ್ಲ ತಾನಾಗೇ ಅರ್ಥ ಆಗುತ್ತೆ.

ಆಮೇಲೆ ತೆಗೆಯೋದಾದ್ರೆ, ಮೊದಲು ಬಾಗಿಲಲ್ಲಿರೋ ಬೋರ್ಡ್ ಓದಿ, ಇಲ್ಲದಿದ್ರೆ ಕೇಳಿ. ಚಪ್ಪಲಿ ಹೊರಗೆ ಬಿಡಿ. ನಮ್ಮ ದೇವಸ್ಥಾನದ ಥರಾನೇ ಬಲಕ್ಕೆ ಪ್ರದಕ್ಷಿಣೆ ಬನ್ನಿ, ಎದುರಿಂದ ಬಂದು ಯಾರ ದಾರಿಗೂ ಅಡ್ಡ ನಿಲ್ಲಬೇಡಿ. ನೆಲದ ಮೇಲಿರೋ ಗ್ರಂಥದ ಹಾಳೆ ದಾಟಬೇಡಿ. ಫ್ಲ್ಯಾಶ್ ಬೇಡ, ಜಪ ಮಾಡೋರ ಕಣ್ಣಿಗೆ ಹೊಡೆಯುತ್ತೆ. ಶಟರ್ ಸೌಂಡ್ ಆಫ್ ಮಾಡಿ. ಕತ್ತಲಿನ ಹಾಲ್‌ನಲ್ಲಿ ಚಿನ್ನದ ಬಣ್ಣ ಬಿಳಿಚಿಕೊಳ್ಳುತ್ತೆ. ಮೂರ್ತಿಯ ಮೇಲೆ ಒತ್ತಿ, ಬೆಳಕಿನ ಗುರುತನ್ನ ಕೆಳಗೆ ಎಳೀರಿ, ವಿವರ ಉಳಿಯುತ್ತೆ.

ಮುಖ ತೆಗೆಯೋದಾದ್ರೆ ಕೇಳದೆ ತೆಗೀಬೇಡಿ. ಇದು ಬರೀ ಮರ್ಯಾದೆಯ ಮಾತಲ್ಲ. ಟಿಬೆಟ್‌ನಲ್ಲಿ ದಲೈ ಲಾಮಾ ಅವರ ಫೋಟೊ ಇಟ್ಟುಕೊಳ್ಳೋದಕ್ಕೂ ನಿಷೇಧ ಇದೆ. ಇಲ್ಲಿರೋ ಕೆಲವರ ಬಂಧುಗಳು ಇನ್ನೂ ಅಲ್ಲೇ ಇದಾರೆ. ನಾವು ಲೊಕೇಶನ್ ಟ್ಯಾಗ್ ಮಾಡಿ ಹಾಕೋ ಒಂದು ಮುಖ ಅವರಿಗೆ ತೊಂದರೆ ತರಬಹುದು. ಮಕ್ಕಳಾದ್ರೆ ಇನ್ನೂ ಎಚ್ಚರ. ನಮ್ಮ ಮನೆ ಮಗು ಸ್ಕೂಲಲ್ಲಿ ತೂಕಡಿಸೋದನ್ನ ಯಾರೋ ಗುರುತಿಲ್ಲದವರು ತೆಗೆದು ಜೋಕ್ ಮಾಡಿದ್ರೆ ಸುಮ್ನಿರ್ತೀವಾ? ಕಾವಿ ತೊಟ್ಟ ತಕ್ಷಣ ಮಗು ಮಗುವಾಗಿರೋದು ನಿಲ್ಲಲ್ಲ.

ಎರಡನೇ ಸಲ ಹೋದಾಗ ಆ ಭಿಕ್ಷು ಹುಡುಗನ್ನ ಕರೆಸಿದ್ರು. ಅವನು ಕಂಬದ ಹಿಂದೆ ಅರ್ಧ ಮರೆಯಾಗಿ ನಿಂತ. “ಸಾರಿ ಪುಟ್ಟಾ, ಡಿಲೀಟ್ ಮಾಡ್ದೆ” ಅಂದೆ. ಭಿಕ್ಷು ಅವನಿಗೆ ಟಿಬೆಟಿಯನ್‌ನಲ್ಲಿ ಹೇಳಿದ್ರು. ಹುಡುಗ ಕೈ ಚಾಚಿದ. ಫೋನ್ ಕೊಟ್ಟೆ. ಗ್ಯಾಲರಿ ತೆರೆದು ಕೆಳಗಿನವರೆಗೂ ನೋಡಿದ. ಆಮೇಲೆ ಸೀದಾ ಟ್ರ್ಯಾಶ್ ಫೋಲ್ಡರ್‌ಗೆ ಹೋದ.

ಅಲ್ಲಿ ಇತ್ತು. ನಾನು ಅದನ್ನ ಮರೆತೇಬಿಟ್ಟಿದ್ದೆ.

ಅವನೇ ಒತ್ತಿ ಅಳಿಸಿದ. ಫೋನ್ ವಾಪಸ್ ಕೊಟ್ಟು ಓಡಿಹೋದ. ನಗಲೂ ಇಲ್ಲ, ಬೈಯಲೂ ಇಲ್ಲ.

ಆ ದಿನ ನಾನು ತಂದಿದ್ದು ಎರಡೇ ಫೋಟೊ. ಬೆಣ್ಣೆ ದೀಪಗಳದ್ದು ಒಂದು, ಬಾಗಿಲ ಹೊರಗೆ ಸಾಲಾಗಿದ್ದ ಪುಟ್ಟ ಪುಟ್ಟ ಚಪ್ಪಲಿಗಳದ್ದು ಇನ್ನೊಂದು. ಎರಡನ್ನೂ ಭಿಕ್ಷುವಿಗೆ ತೋರಿಸಿ, ಅವರು ಸರಿ ಅಂದ್ಮೇಲೇ ಇಟ್ಕೊಂಡೆ.

ಮುಂದಿನ ವೀಕೆಂಡ್ ನೀವೂ ಹೋಗಿಬನ್ನಿ. ಅದಕ್ಕೂ ಮುಂಚೆ ನಿಮ್ಮ ಗ್ಯಾಲರಿಯ ಟ್ರ್ಯಾಶ್ ಫೋಲ್ಡರ್ ಒಮ್ಮೆ ತೆರೆದು ನೋಡಿ. ಮತ್ತೆ ಸಿಗೋಣ.